ಶೋಧಯಂತ್ರದ ನಿಯಮ ಬದಲಾದಾಗ ತಾಣದ ಸ್ಥಾನ ಉಳಿಸಿಕೊಳ್ಳುವುದು ಹೇಗೆ?

ಗೋಕಾಕದ ಕರದಂಟನ್ನು ಬೆಂಗಳೂರಿಗೆ ತರಿಸಿಕೊಳ್ಳಬಯಸುವವರು ಇಂದು ಮೊದಲು ಮೊರೆಹೋಗುವುದು ಗೂಗಲ್ ಶೋಧಯಂತ್ರಕ್ಕೆ. ಅಲ್ಲಿ ಮೊದಲ ಪುಟದಲ್ಲಿ ಕಾಣದ ಅಂಗಡಿ ಅಂತಹ ಗ್ರಾಹಕರ ಪಾಲಿಗೆ ಇಲ್ಲದಂತೆಯೇ ಸರಿ. ಶೋಧಯಂತ್ರದ ನಿಯಮ ಬದಲಾದೊಡನೆ ಸಣ್ಣ ವ್ಯಾಪಾರಿಗಳು ಕಳವಳಗೊಳ್ಳುವುದು ಈ ಕಾರಣದಿಂದಲೇ.

ಬದಲಾವಣೆಗಳ ಜಾಡು

ಪುಟದ ಸಂಕೇತದೊಳಗೆ ಅಡಗಿಸಿಡುವ ಕೀವರ್ಡ್ ಪಟ್ಟಿಯನ್ನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿ ಪ್ರಕಟಿಸಿತು. 2011ರ 'ಪಾಂಡಾ' ಪರಿಷ್ಕರಣೆ ಹುರುಳಿಲ್ಲದ ಬರಹಗಳನ್ನೂ, 2012ರ 'ಪೆಂಗ್ವಿನ್' ಕೃತಕ ಕೊಂಡಿಗಳನ್ನೂ ಗುರಿಯಾಗಿಸಿದವು. 2015ರ ಏಪ್ರಿಲ್‌ನಿಂದ ಮೊಬೈಲ್ ಶೋಧದಲ್ಲಿ ಮೊಬೈಲ್ ಪರದೆಗೆ ಹೊಂದುವ ಪುಟಗಳಿಗೆ ಆದ್ಯತೆ ದೊರೆಯಿತು. ಸ್ಥಾನ ಗಿಟ್ಟಿಸಲೆಂದೇ ರಾಶಿಗಟ್ಟಲೆ ತಯಾರಿಸುವ ಪುಟಗಳ ವಿರುದ್ಧ 2024ರ ಮಾರ್ಚ್‌ನಲ್ಲಿ ನಿಯಮ ಬಿಗಿಯಾಯಿತು. ಈ ಬದಲಾವಣೆಗಳಲ್ಲಿ ಹೆಚ್ಚಿನವು ಅಡ್ಡದಾರಿ ಹಿಡಿದವರಿಗೆ ಪೆಟ್ಟು ನೀಡಿವೆ ಎಂಬುದು ಗಮನಾರ್ಹ.

ಕನ್ನಡ ತಾಣಗಳು ಗಮನಿಸಬೇಕಾದದ್ದು

ಕನ್ನಡ ಲಿಪಿ 1991ರಲ್ಲೇ ಯೂನಿಕೋಡ್ ಸೇರಿದ್ದರೂ ಬಹುಕಾಲ ಅನೇಕ ತಾಣಗಳು ತಮ್ಮದೇ ಫಾಂಟ್‌ಗಳ ಸಂಕೇತಗಳಲ್ಲಿ ಪ್ರಕಟವಾದವು. ಓದುಗರ ಕಣ್ಣಿಗೆ ಅದು ಕನ್ನಡ. ಶೋಧಯಂತ್ರಕ್ಕೆ ಅರ್ಥವಿಲ್ಲದ ಅಕ್ಷರರಾಶಿ. ದರಪಟ್ಟಿಯನ್ನು ಚಿತ್ರವಾಗಿಯಷ್ಟೇ ಹಾಕುವುದೂ ಸಲ್ಲದು. ಯೂನಿಕೋಡ್ ಪಠ್ಯವಾಗಿ ಬರೆಯುವುದೇ ಲೇಸು.

ಊರಿನ ಹೆಸರೂ ಮುಖ್ಯ. 2014ರ ನವೆಂಬರ್ 1ರಿಂದ 'ಬೆಲ್ಗಾಮ್' ಇಂಗ್ಲಿಷಿನಲ್ಲಿಯೂ 'ಬೆಳಗಾವಿ'ಯಾಯಿತು. ಗೋಕಾಕ ತಾಲೂಕಿನಲ್ಲಿದ್ದ ಮೂಡಲಗಿ ಈಗ ಪ್ರತ್ಯೇಕ ತಾಲೂಕು. ಹೊಸ ವಿಳಾಸವನ್ನು ನಮೂದಿಸಿ, ಜನ ಇನ್ನೂ ಬಳಸುವ ಹಳೆಯ ಹೆಸರನ್ನು ಒಮ್ಮೆ ಸಹಜವಾಗಿ ಸೇರಿಸಿದರೆ ಸಾಕು. ಪುಟದ ತುಂಬ ತುರುಕಬಾರದು.

ವಿವರವೇ ಬಂಡವಾಳ. ಗೋಕಾಕ ಜಲಪಾತ ಮೈದುಂಬುವುದು ಮಳೆಗಾಲದಲ್ಲಿ, ಬೇಸಿಗೆಯಲ್ಲಿ ನೀರು ತೀರ ಕಡಿಮೆ ಎಂದು ತಿಳಿಸುವ ವಸತಿಗೃಹದ ಪುಟ ಪ್ರವಾಸಿಗರಿಗೆ ಉಪಯುಕ್ತ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯಕ್ಕೆ ಹೋಗುವ ದಾರಿಯನ್ನು ವಿವರಿಸುವ ಪುಟವೂ ಅಂತಹುದೇ.

ಸ್ಥಾನ ಕುಸಿದಾಗ

ಗಾಬರಿಯಿಂದ ಇಡೀ ತಾಣವನ್ನು ಬದಲಿಸುವುದು ಬೇಡ. ಪ್ರಮುಖ ಪರಿಷ್ಕರಣೆಗಳು ಪೂರ್ಣಗೊಳ್ಳಲು ಕೆಲವು ವಾರಗಳೇ ಹಿಡಿಯುವುದುಂಟು. ಗೂಗಲ್‌ನ ಉಚಿತ ಸಾಧನವಾದ 'ಸರ್ಚ್ ಕನ್ಸೋಲ್'ನಲ್ಲಿ ಯಾವ ಪುಟ, ಯಾವ ಪದಕ್ಕೆ ಹಿಂದೆ ಬಿದ್ದಿದೆಯೆಂದು ನೋಡಿ, ಅದನ್ನಷ್ಟೇ ತಿದ್ದಬೇಕು. ಪುಟದ ವಿಳಾಸ ಬದಲಿಸಿದಲ್ಲಿ ಹಳೆಯದರಿಂದ ಹೊಸದಕ್ಕೆ ಶಾಶ್ವತ ಮರುನಿರ್ದೇಶನ ನೀಡುವುದು ಅಗತ್ಯ.

ಮೊದಲ ಸ್ಥಾನ ಖಚಿತವೆಂದು ಹಣ ಕೇಳುವವರ ಬಗ್ಗೆ ಎಚ್ಚರವಿರಲಿ. ಅಂತಹ ಭರವಸೆಯನ್ನು ಯಾರೂ ನೀಡಲಾರರೆಂದು ಗೂಗಲ್ ಸಂಸ್ಥೆಯೇ ಸ್ಪಷ್ಟಪಡಿಸಿದೆ.