ಅಭಿರುಚಿಯೇ ಸಿದ್ಧಾಂತವಾದಾಗ

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬುದು ನಮ್ಮ ಹಿರಿಯರ ಗಾದೆ. ಊಟದ ವಿಷಯದಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಆದ ರುಚಿಯಿರುತ್ತದೆ, ಅದನ್ನು ಪ್ರಶ್ನಿಸುವ ಅಧಿಕಾರ ಇತರರಿಗಿಲ್ಲ ಎಂಬ ವಿವೇಕ ಅದರಲ್ಲಿದೆ. ಆದರೆ ಊಟದಲ್ಲಿ ತೋರುವ ಈ ಔದಾರ್ಯವನ್ನು ನಾವು ಬೇರೆಡೆ ತೋರುವುದು ಅಪರೂಪ. ನನಗೆ ಹಿಡಿಸಿದ ಹಾಡು ಒಳ್ಳೆಯ ಹಾಡು, ಹಿಡಿಸದ್ದು ಕೆಟ್ಟ ಹಾಡು, ಅದನ್ನು ಮೆಚ್ಚುವವರು ಭಕ್ತಿಯಿಲ್ಲದವರು ಎಂದು ಎರಡೇ ಹೆಜ್ಜೆಗಳಲ್ಲಿ ನಮ್ಮ ಇಷ್ಟಾನಿಷ್ಟವು ಮತ್ತೊಬ್ಬರ ಮೇಲಿನ ತೀರ್ಪಾಗಿಬಿಡುತ್ತದೆ.

ಭದ್ರಾವತಿಯಂತಹ ಊರಿನವರಿಗೆ ಇದು ಹೊಸ ಮಾತಲ್ಲ. ಹಿಂದೆ ಬೆಂಕಿಪುರವೆನಿಸಿದ್ದ ಆ ಊರು, 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಗಳಿಂದಾಗಿ ಕೈಗಾರಿಕಾ ಪಟ್ಟಣವಾಗಿ ಬೆಳೆಯಿತು. ಕಪ್ಪು ಕಬ್ಬಿಣವನ್ನೂ ಬಿಳಿಯ ಕಾಗದವನ್ನೂ ದಶಕಗಳ ಕಾಲ ನಾಡಿಗೆ ಕೊಟ್ಟ ಊರಿನ ಜನಜೀವನ ಮಾತ್ರ ಎಂದೂ ಕಪ್ಪು-ಬಿಳುಪು ಎರಡೇ ಬಣ್ಣದ್ದಾಗಿರಲಿಲ್ಲ. ಕನ್ನಡ, ತಮಿಳು, ತೆಲುಗು, ಮಲಯಾಳಂ, ಕೊಂಕಣಿ, ಉರ್ದು ಮನೆಮಾತಿನ ಕುಟುಂಬಗಳು ಅಲ್ಲಿ ನೆರೆಹೊರೆಯಾಗಿ ನೆಲೆಸಿದವು. ಶಿವಮೊಗ್ಗ ನಗರದ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಇಂತಹ ಊರುಗಳ ದೇವಾಲಯಗಳಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರ ಕಿವಿಗೆ ಇಂಪಾಗುವ ರಾಗ, ಮನಸ್ಸಿಗೆ ಒಗ್ಗುವ ಭಕ್ತಿಯ ರೀತಿ ಬೇರೆ ಬೇರೆಯಾಗಿರುವುದು ಸಹಜ. ಈ ಭಿನ್ನತೆಯೊಡನೆ ಹೇಗೆ ಬಾಳಬೇಕು ಎಂಬುದಕ್ಕೆ ಧರ್ಮಸಭೆಯ ಚರಿತ್ರೆಯಲ್ಲಿ, ಅದರಲ್ಲೂ ನಮ್ಮ ನಾಡಿನ ಚರಿತ್ರೆಯಲ್ಲಿ, ಕಲಿಯಬೇಕಾದ ಪಾಠಗಳಿವೆ.

ಮೊದಲ ಶತಮಾನದಲ್ಲಿಯೇ ಈ ಪ್ರಶ್ನೆ ಎದುರಾಯಿತು. ರೋಮಿನ ವಿಶ್ವಾಸಿಗಳಲ್ಲಿ ಕೆಲವರು ಕಾಯಿಪಲ್ಯಗಳನ್ನು ಮಾತ್ರ ತಿನ್ನುತ್ತಿದ್ದರು, ಮತ್ತೆ ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು. ತಿನ್ನದವರು ತಿನ್ನುವವರನ್ನು ಪಾಪಿಗಳೆಂದರು. ತಿನ್ನುವವರು ತಿನ್ನದವರನ್ನು ದುರ್ಬಲರೆಂದು ಹಳಿದರು. ಸಂತ ಪೌಲರು ಆ ಸಭೆಗೆ ಬರೆದ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿ ಇಬ್ಬರನ್ನೂ ಹಾಗೆ ಮಾಡದಂತೆ ತಡೆದರು. ಯಾರ ಊಟವನ್ನೂ ಅವರು ಬದಲಿಸಹೋಗಲಿಲ್ಲ. ಆದರೆ ಇದೇ ಪೌಲರು ಕೊರಿಂಥದ ಸಭೆಗೆ ಬರೆಯುವಾಗ ಇಷ್ಟು ಮೃದುವಾಗಿರಲಿಲ್ಲ. ಅಲ್ಲಿ ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಹೊಟ್ಟೆತುಂಬ ಉಂಡು, ಇಲ್ಲದವರು ಹಸಿದುಕೊಂಡೇ ಉಳಿಯುತ್ತಿದ್ದರು. "ಅದು ಅವರವರ ರೀತಿ" ಎಂದು ಪೌಲರು ಸುಮ್ಮನಾಗಲಿಲ್ಲ. ಬಡವರನ್ನು ಅವಮಾನಿಸುವುದು ದೇವರ ಸಭೆಯನ್ನೇ ಅವಮಾನಿಸಿದಂತೆ ಎಂದು ಖಂಡಿಸಿದರು. ಎರಡೂ ಊಟದ ಪ್ರಶ್ನೆಗಳೇ. ಒಂದು ರುಚಿಗೆ ಸಂಬಂಧಿಸಿದ್ದು, ಇನ್ನೊಂದು ನ್ಯಾಯಕ್ಕೆ ಸಂಬಂಧಿಸಿದ್ದು. ಯಾವುದು ಯಾವುದೆಂದು ಬೇರ್ಪಡಿಸುವುದೇ ವಿವೇಕದ ಮೊದಲ ಕೆಲಸ.

ಈ ಬೇರ್ಪಡಿಸುವಿಕೆ ಎಷ್ಟು ಕಷ್ಟವೆಂಬುದಕ್ಕೆ ದಕ್ಷಿಣ ಭಾರತದ ಚರಿತ್ರೆಯೇ ಸಾಕ್ಷಿ. ಯೇಸುಸಭೆಯ ಗುರು ರಾಬರ್ಟ್ ದೆ ನೊಬಿಲಿ 1606ರಲ್ಲಿ ಮಧುರೈಗೆ ಬಂದು, ಕಾವಿ ಧರಿಸಿ, ಸಸ್ಯಾಹಾರಿಯಾಗಿ, ಸನ್ಯಾಸಿಯಂತೆ ಬಾಳಿದರು. ಜುಟ್ಟು, ಜನಿವಾರ, ಗಂಧಗಳು ಸಾಮಾಜಿಕ ಆಚಾರಗಳೇ ಹೊರತು ವಿಶ್ವಾಸಕ್ಕೆ ವಿರುದ್ಧವಲ್ಲವೆಂಬುದು ಅವರ ವಾದ. ಅವರ ಜೊತೆಗಾರರಲ್ಲಿಯೇ ಕೆಲವರು ಇದನ್ನು ಉಗ್ರವಾಗಿ ವಿರೋಧಿಸಿದರು. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿಯವರು ಕೆಲವು ನಿಬಂಧನೆಗಳೊಡನೆ ಈ ಆಚಾರಗಳಿಗೆ ಅನುಮತಿಯಿತ್ತರು. ಇದೇ ಮಾರ್ಗವನ್ನು ಹಿಡಿದು ಇಟಲಿಯ ಲಿಯೊನಾರ್ಡೊ ಚಿನ್ನಮಿಯವರು, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಕನ್ನಡ ಕಲಿತು ಕನ್ನಡದಲ್ಲಿ ಧರ್ಮೋಪದೇಶವನ್ನು ಬರೆದರು. 1659ರಲ್ಲಿ ರೋಮಿನ ಧರ್ಮಪ್ರಚಾರ ಪೀಠವೂ ಏಷ್ಯಾದ ಮಿಷನ್ನುಗಳಿಗೆ ಕಳುಹಿಸಿದ ಸೂಚನೆಯಲ್ಲಿ, ವಿಶ್ವಾಸಕ್ಕೂ ಸದಾಚಾರಕ್ಕೂ ವಿರುದ್ಧವಲ್ಲದ ಜನರ ರೀತಿನೀತಿಗಳನ್ನು ಬದಲಿಸಲು ಹೋಗಬೇಡಿ ಎಂದು ಸ್ಪಷ್ಟವಾಗಿ ತಿಳಿಸಿತು.

ಇಷ್ಟಾದರೂ ಜಗಳ ನಿಲ್ಲಲಿಲ್ಲ. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋನ್ ಅವರು ಪುದುಚೇರಿಯಲ್ಲಿ ಒಂದು ಆಜ್ಞೆಯನ್ನು ಹೊರಡಿಸಿ, ಮಧುರೈ, ಮೈಸೂರು ಮತ್ತು ಕರ್ನಾಟಿಕ್ ಮಿಷನ್ನುಗಳ ಹಲವು ಪದ್ಧತಿಗಳನ್ನು ನಿಷೇಧಿಸಿದರು. ಆ ಆಜ್ಞೆಯ ಎರಡು ಅಂಶಗಳು ಇಲ್ಲಿ ಮುಖ್ಯ. ದೀಕ್ಷಾಸ್ನಾನದ ಹಳೆಯ ವಿಧಿಯಲ್ಲಿ ಗುರುಗಳು ತಮ್ಮ ಉಗುಳನ್ನು ಬೆರಳಿಗೆ ತಾಗಿಸಿ ಅಭ್ಯರ್ಥಿಯನ್ನು ಮುಟ್ಟುವ ಕ್ರಮವೊಂದಿತ್ತು. ಎಂಜಲೆಂದರೆ ಹೇಸುವ ನಮ್ಮ ಜನರ ಮನಸ್ಸನ್ನರಿತು ಮಿಷನರಿಗಳು ಅದನ್ನು ಕೈಬಿಟ್ಟಿದ್ದರು. ಹಾಗೆ ಬಿಡಬಾರದೆಂದು ಆಜ್ಞೆ ಹೇಳಿತು. ಅದೇ ಆಜ್ಞೆ, ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಕ್ರೈಸ್ತರು ಕಾಯಿಲೆ ಬಿದ್ದಾಗ ಗುರುಗಳು ಅವರ ಮನೆಗೇ ಹೋಗಿ ಸಂಸ್ಕಾರಗಳನ್ನು ನೀಡಬೇಕೆಂದೂ ವಿಧಿಸಿತು. ಮೇಲ್ಜಾತಿಯವರ ನಡುವೆ ಕೆಲಸ ಮಾಡುತ್ತಿದ್ದ ಮಿಷನರಿಗಳು, ಅವರ ಮನಸ್ಸಿಗೆ ನೋವಾದೀತೆಂದು, ಆ ಮನೆಗಳ ಹೊಸ್ತಿಲು ದಾಟುತ್ತಿರಲಿಲ್ಲ.

ಉಗುಳಿನ ಪ್ರಶ್ನೆಯನ್ನೂ ರೋಗಿಯ ಹೊಸ್ತಿಲಿನ ಪ್ರಶ್ನೆಯನ್ನೂ ಒಂದೇ ಪಟ್ಟಿಯಲ್ಲಿಟ್ಟು, ಒಂದು ಪಕ್ಷದವರು ಎಲ್ಲವನ್ನೂ ಅಧರ್ಮವೆಂದರು, ಇನ್ನೊಂದು ಪಕ್ಷದವರು ಎಲ್ಲವನ್ನೂ ಕೇವಲ ಆಚಾರವೆಂದರು. ಪಟ್ಟಿಯನ್ನು ಬಿಡಿಸಿ ನೋಡುವ ತಾಳ್ಮೆ ಕಡಿಮೆಯಿತ್ತು. ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು 1744ರಲ್ಲಿ ಅಂತಿಮ ತೀರ್ಪು ಕೊಟ್ಟರು. ನಿಷೇಧಗಳನ್ನು ಪಾಲಿಸುವುದಾಗಿ ಮಿಷನರಿಗಳು ಮಾಡಬೇಕಾಗಿದ್ದ ಪ್ರಮಾಣವಚನ ರದ್ದಾದದ್ದು 1940ರಲ್ಲಿ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕೃತವಾದ ಮಕ್ಕಳ ದೀಕ್ಷಾಸ್ನಾನದ ವಿಧಿಯಲ್ಲಿ ಉಗುಳಿನ ಕ್ರಮವೇ ಇಲ್ಲ. ಅಷ್ಟು ಕಹಿಗೆ ಕಾರಣವಾದದ್ದು ಇಂದಿನ ತಂದೆತಾಯಿಗಳಿಗೆ ತಿಳಿದೂ ಇಲ್ಲ. ಹೊಸ್ತಿಲಿನ ಪ್ರಶ್ನೆ ಮಾತ್ರ ಹಾಗೆ ಮರೆತುಹೋಗುವಂಥದ್ದಲ್ಲ. ಜಾತಿಯ ಅಂತರವನ್ನು 'ಪದ್ಧತಿ' ಎಂದು ಕರೆದ ಮಾತ್ರಕ್ಕೆ ಅದು ನಿರ್ದೋಷಿಯಾಗುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಕಥೆ ಮತ್ತೊಂದು ರೂಪದಲ್ಲಿ ಮರುಕಳಿಸಿತು. 1963ರ ಡಿಸೆಂಬರ್ 4ರಂದು ಮಹಾಸಭೆಯು ಹೊರಡಿಸಿದ ದೈವಾರಾಧನೆಯ ಸಂವಿಧಾನವು, ವಿಶ್ವಾಸಕ್ಕೆ ಧಕ್ಕೆಯಿಲ್ಲದ ವಿಷಯಗಳಲ್ಲಿ ಕಟ್ಟುನಿಟ್ಟಾದ ಏಕರೂಪತೆಯನ್ನು ಹೇರುವುದು ಧರ್ಮಸಭೆಯ ಇಚ್ಛೆಯಲ್ಲವೆಂದು ಸಾರಿತು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ಎನ್.ಬಿ.ಸಿ.ಎಲ್.ಸಿ. ಕೇಂದ್ರದ ಸ್ಥಾಪಕ ನಿರ್ದೇಶಕರಾದ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಅವರು ಭಾರತೀಯ ಆರಾಧನಾರೀತಿಗಾಗಿ ಶ್ರಮಿಸಿದರು. 1969ರ ಏಪ್ರಿಲ್ 25ರಂದು ರೋಮ್ ಹನ್ನೆರಡು ಅಂಶಗಳಿಗೆ ಒಪ್ಪಿಗೆ ನೀಡಿತು: ನೆಲದ ಮೇಲೆ ಕುಳಿತುಕೊಳ್ಳುವುದು, ಪಾದರಕ್ಷೆ ಕಳಚುವುದು, ಕೈಮುಗಿದು ನಮಿಸುವುದು, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ, ಆರತಿ ಇತ್ಯಾದಿ. ಇವುಗಳನ್ನು ಎಷ್ಟರಮಟ್ಟಿಗೆ ಬಳಸಬೇಕೆಂಬುದನ್ನು ಧರ್ಮಾಧ್ಯಕ್ಷರ ವಿವೇಚನೆಗೆ ಬಿಡಲಾಗಿತ್ತು.

ಆದರೂ ಆಯ್ಕೆಯ ವಿಷಯ ಬಹುಬೇಗ ಬಣಗಳ ವಿಷಯವಾಯಿತು. ದೀಪ ಬೆಳಗಿಸಿದವರು ವಿಶ್ವಾಸವನ್ನು ಮಾರಿಕೊಂಡವರೆಂದು ಒಂದು ಕಡೆಯವರೂ, ಮೊಣಕಾಲೂರುವವರು ಪಾಶ್ಚಾತ್ಯರ ದಾಸರೆಂದು ಇನ್ನೊಂದು ಕಡೆಯವರೂ ಜರೆದರು. ಈ ಎರಡು ಪಾಳೆಯಗಳಿಗೂ ಸೇರದ ಪ್ರಶ್ನೆಯೊಂದನ್ನು ದಲಿತ ಕ್ರೈಸ್ತ ಚಿಂತಕರು ಎತ್ತಿದರು. ಭಾರತೀಯವೆಂದು ನೀವು ಆರಿಸಿಕೊಂಡದ್ದು ಯಾರ ಭಾರತ? ನಮ್ಮ ತಮಟೆ, ನಮ್ಮ ಹಾಡು ಅದರಲ್ಲಿ ಎಲ್ಲಿದೆ? ಎರಡೇ ಪೆಟ್ಟಿಗೆಗಳಲ್ಲಿ ಜಗತ್ತನ್ನು ತುಂಬಹೊರಟಾಗ ಮೂರನೆಯವರ ದನಿ ಹೊರಗುಳಿಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಚರಿತ್ರೆಯನ್ನು ಇನ್ನಷ್ಟು ಕೆದಕಿದರೆ ನಮ್ಮ ಹಠಗಳು ಇನ್ನಷ್ಟು ಸಡಿಲವಾಗುತ್ತವೆ. ಹಾರ್ಮೋನಿಯಂ ಅಪ್ಪಟ ದೇಶೀ ವಾದ್ಯವೆಂದು ನಾವು ಭಾವಿಸುತ್ತೇವೆ. ಅದರ ಮೂಲ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸ್. ಅದು ಭಾರತೀಯ ಸಂಗೀತಕ್ಕೆ ಹೊಂದದೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಪೈಪ್ ಆರ್ಗನ್ ದೇವಾಲಯಕ್ಕೆಂದೇ ಹುಟ್ಟಿದ್ದೆಂದು ಬಗೆಯುತ್ತೇವೆ. ಒಂದು ಕಾಲದಲ್ಲಿ ಅದು ರೋಮನ್ನರ ಕ್ರೀಡಾಂಗಣಗಳಲ್ಲಿ ಮೊಳಗುತ್ತಿತ್ತು. ಭಾನುವಾರದ ಪ್ರಾರ್ಥನೆಯಲ್ಲಿ ಮೊಣಕಾಲೂರುವುದೇ ನಿಜವಾದ ಭಕ್ತಿ ಎನ್ನುವವರು, 325ರ ನೈಸಿಯಾ ಮಹಾಸಭೆಯು ಭಾನುವಾರಗಳಲ್ಲಿ ನಿಂತೇ ಪ್ರಾರ್ಥಿಸಬೇಕೆಂದು ವಿಧಿಸಿತ್ತೆಂಬುದನ್ನು ನೆನೆಯಬೇಕು. ಅನಾದಿಯೆಂದು ನಾವು ಬಗೆದದ್ದು ಹಲವು ವೇಳೆ ನಮ್ಮ ಬಾಲ್ಯದಷ್ಟೇ ಹಳೆಯದು.

ಹಾಗೆಂದು ಯಾರೂ ತಮ್ಮ ಅಭಿರುಚಿಯನ್ನು ಬಿಟ್ಟುಕೊಡಬೇಕಾಗಿಲ್ಲ. ಅಜ್ಜಿ ಕಲಿಸಿದ ಹಾಡಿನಲ್ಲಿ ಕಣ್ಣು ತುಂಬಿಬರುವುದು ದೇವರ ವರವೇ. "ಇದು ನನಗೆ ಹಿಡಿಸುವುದಿಲ್ಲ" ಎನ್ನುವ ಸ್ವಾತಂತ್ರ್ಯವೂ ನಮಗಿದೆ. ಆದರೆ "ಹಿಡಿಸುವುದಿಲ್ಲ" ಎಂಬ ಮಾತು "ತಪ್ಪು" ಎಂಬ ಮಾತಾಗುವ ಮುನ್ನ ಒಂದು ಕ್ಷಣ ತಡೆಯಬೇಕು. ಇದರಿಂದ ಯಾರಾದರೂ ಹಸಿದು ಉಳಿದರೇ? ಯಾರ ಮನೆಯ ಹೊಸ್ತಿಲನ್ನಾದರೂ ನಾವು ದಾಟದೆ ಹೋದೆವೇ? ಹೌದಾದರೆ ಪೌಲರಂತೆ ದೃಢವಾಗಿ ನಿಲ್ಲಬೇಕು. ಅಲ್ಲಿ ರಾಜಿ ಸಲ್ಲದು. ಇಲ್ಲವಾದರೆ, ಸಹೋದರನ ರುಚಿಗೆ ಜಾಗ ಬಿಡುವುದೇ ಪ್ರೀತಿ.

1988ರ ನವೆಂಬರ್ 14ರಂದು ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರವು ಬೇರೆ ಬೇರೆ ಭಾಷೆ, ಬೇರೆ ಬೇರೆ ಸಂಪ್ರದಾಯಗಳ ಕುಟುಂಬಗಳನ್ನು ಒಂದುಗೂಡಿಸಿದೆ. ನಗರದ ಪವಿತ್ರ ಹೃದಯ ಪ್ರಧಾನಾಲಯದ ಕಟ್ಟಡದಲ್ಲಿ ರೋಮನ್ ಮತ್ತು ಗಾಥಿಕ್ ಶೈಲಿಗಳು ಕೂಡಿವೆ. ಅದರೊಳಗೆ ಕೇಳಿಬರುವುದು ಮಲೆನಾಡಿನ ಜನರ ಪ್ರಾರ್ಥನೆ. ಅದನ್ನು ವಿದೇಶಿಯೆನ್ನಬೇಕೋ ದೇಶೀಯೆನ್ನಬೇಕೋ ಎಂದು ಅಲ್ಲಿ ಮೊಣಕಾಲೂರುವ ತಾಯಿ ಕೇಳಿಕೊಳ್ಳುವುದಿಲ್ಲ. ಮುಂದಿನ ಬಾರಿ ಭದ್ರಾವತಿಯಲ್ಲೋ ಶಿವಮೊಗ್ಗದಲ್ಲೋ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಯಾವ ಹಾಡು, ಯಾವ ವಾದ್ಯ, ಯಾವ ಅಲಂಕಾರವೆಂಬ ಚರ್ಚೆ ಬಿಸಿಯೇರಿದಾಗ, ಮುನ್ನೂರು ವರ್ಷಗಳ ಹಿಂದಿನ ಆ ಪಟ್ಟಿಯನ್ನು ನೆನೆಯೋಣ. ನಾವು ಜಗಳವಾಡುತ್ತಿರುವುದು ಉಗುಳಿಗಾಗಿಯೋ, ರೋಗಿಯ ಹೊಸ್ತಿಲಿಗಾಗಿಯೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.