ಕೆಡವಿದ ಗ್ರಂಥಾಲಯ, ಉಳಿದ ಮೂರು ಮುಖಗಳು

ಗ್ರಂಥಗಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸಬಹುದು. ಅವುಗಳನ್ನು ಓದಿದ ಮನೆಯನ್ನು ಸಾಗಿಸಲಾಗದು. ಆ ಮನೆ ಬಿದ್ದ ಮೇಲೆ ಅದರ ಸ್ಮರಣೆಯನ್ನು ಊರು ಹೇಗೆ ಕಾಪಾಡಬೇಕು? ಈ ಪ್ರಶ್ನೆಗೆ ಅಮೆರಿಕದ ಒಂದು ನಗರದ ಚರಿತ್ರೆಯಲ್ಲಿ ಉತ್ತರವುಂಟು.

ಒಹಾಯೋ ರಾಜ್ಯದ ಸಿನ್ಸಿನಾಟಿ ನಗರದ ವೈನ್ ಬೀದಿಯಲ್ಲಿ ಗೀತನಾಟಕಗಳಿಗೆಂದು ಕಟ್ಟತೊಡಗಿದ ರಂಗಮಂದಿರವೊಂದು ಅರ್ಧಕ್ಕೇ ನಿಂತುಹೋಯಿತು. ಅದನ್ನು ಕೊಂಡು, ಪೂರ್ತಿಗೊಳಿಸಿ, 1874ರಲ್ಲಿ ಸಾರ್ವಜನಿಕ ಗ್ರಂಥಾಲಯವಾಗಿ ತೆರೆದರು. ನಡುವೆ ವಿಶಾಲವಾದ ಹಜಾರ. ಮೇಲಿನಿಂದ ಬೆಳಕು ಬೀಳುವ ಗಾಜಿನ ಮಾಡು. ಸುತ್ತಲೂ ಐದು ಅಂತಸ್ತುಗಳಾಗಿ ಏರಿದ ಎರಕದ ಕಬ್ಬಿಣದ ಕಪಾಟುಗಳು. ಹತ್ತಲು ಸುರುಳಿ ಮೆಟ್ಟಿಲುಗಳು. ಹೆಬ್ಬಾಗಿಲಲ್ಲಿ ಶೇಕ್ಸ್‌ಪಿಯರ್, ಮಿಲ್ಟನ್ ಮತ್ತು ಬೆಂಜಮಿನ್ ಫ್ರಾಂಕ್ಲಿನ್ ಇವರ ಮುಖಪ್ರತಿಮೆಗಳು. ಮೊದಲಿಬ್ಬರು ಕವಿಗಳು, ಮೂರನೆಯವನು ಅಚ್ಚುಕೂಟದಲ್ಲಿ ದುಡಿದು, 1731ರಲ್ಲಿ ಫಿಲಡೆಲ್ಫಿಯದಲ್ಲಿ ಚಂದಾದಾರರ ಗ್ರಂಥಾಲಯವನ್ನು ಸ್ಥಾಪಿಸಿದವನು. ಬಾಗಿಲು ಕಾಯಲು ತಕ್ಕವರೇ ಸರಿ.

ಕಾಲಕ್ರಮದಲ್ಲಿ ಗ್ರಂಥಗಳು ಹೆಚ್ಚಿದವು, ಸ್ಥಳ ಸಾಲದಾಯಿತು. ಗಾಳಿಯಾಡದ ಕೋಣೆಗಳು, ಕೈಗೆಟುಕದ ಕಪಾಟುಗಳು ಓದುಗರಿಗೂ ಸೇವಕರಿಗೂ ತೊಡಕಾದವು. 1955ರಲ್ಲಿ ಅದೇ ಬೀದಿಯಲ್ಲಿ ಹೊಸ ಗ್ರಂಥಾಲಯ ತೆರೆಯಿತು. ಅದೇ ವರ್ಷ ಹಳೆಯದನ್ನು ಕೆಡವಿದರು. ಆ ನಿರ್ಧಾರಕ್ಕೆ ಕಾರಣಗಳಿಲ್ಲದಿರಲಿಲ್ಲ. ಆದರೂ ಛಾಯಾಚಿತ್ರಗಳಲ್ಲಿ ಆ ಹಜಾರವನ್ನು ಕಂಡವರ ಮನಸ್ಸು ಇಂದಿಗೂ ಮರುಗುತ್ತದೆ.

ಉಳಿದುದು ಆ ಮೂರು ಮುಖಗಳು. ಅವನ್ನು ಹೊಸ ಗ್ರಂಥಾಲಯದ ತೋಟದಲ್ಲಿ ನಿಲ್ಲಿಸಿದರು. ಬಾಗಿಲಿನ ಅಲಂಕಾರವೆಂದು ಕಡೆದವು ಹೀಗೆ ಸ್ಮಾರಕಗಳಾದವು. ಗ್ರಂಥಾಲಯಕ್ಕೆ ಬಂದ ಬಾಲಕನೊಬ್ಬನು, "ಇವು ಮೊದಲು ಎಲ್ಲಿದ್ದವು?" ಎಂದು ಕೇಳಿದರೆ ಸಾಕು, ಬಿದ್ದ ಕಟ್ಟಡದ ಕಥೆ ಮತ್ತೆ ಆರಂಭವಾಗುತ್ತದೆ. ಸಾರ್ವಜನಿಕ ಕಲೆಯ ಪ್ರಯೋಜನವಿದೇ: ಅದು ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನು ಹುಟ್ಟಿಸುತ್ತದೆ.

ಗಡಿನಾಡಿನ ಶಿಕ್ಷಕರಾದ ನಮಗೆ ಇದು ದೂರದ ಮಾತಲ್ಲ. ಕನ್ನಡ ತರಗತಿಯೊಂದು ಮುಚ್ಚಿದಾಗ ಪುಸ್ತಕಗಳು ಗೋಣಿಚೀಲ ಸೇರಿದುದನ್ನೂ, ಹೆಸರಿನ ಹಲಗೆ ಸೌದೆಯ ರಾಶಿಯಲ್ಲಿ ಬಿದ್ದುದನ್ನೂ ನಾವು ಕಂಡಿದ್ದೇವೆ. ಅಂದು ನಾವು ಸುಮ್ಮನಿದ್ದೆವು. ಆ ಸಂಕೋಚ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಎಲ್ಲ ಕಟ್ಟಡಗಳನ್ನೂ ಉಳಿಸುವ ಶಕ್ತಿ ನಮಗಿಲ್ಲ. ಆದರೆ ಒಂದು ಹಲಗೆಯನ್ನು ತೊಳೆದು, ಅಕ್ಷರಗಳಿಗೆ ಮತ್ತೆ ಬಣ್ಣ ತುಂಬಿ, ಊರವರು ಕಾಣುವ ಗೋಡೆಗೆ ಏರಿಸಬಹುದು. ಚಿತ್ರಕಲೆ ಬಲ್ಲ ವಿದ್ಯಾರ್ಥಿಗಳು ಹಿರಿಯರನ್ನು ಕೇಳಿ, ಹಳೆಯ ವಾಚನಾಲಯದ ರೂಪವನ್ನು ಅದರ ಪಕ್ಕದಲ್ಲಿ ಬರೆಯಲಿ. ಕೇಳುವ ಮಗುವಿಗೆ ಹೇಳುವ ಕೆಲಸ ನಮ್ಮದು.