ಮುಂಬೈಗೆ ಹೋದ ನಮ್ಮವರಿಗೆ ಜಾಮೀನು ನಿಂತವರು ಯಾರು?

ಪುಣೆ, ಹೈದರಾಬಾದ್, ಚೆನ್ನೈ, ನೀವು ಎಲ್ಲೇ ಇರಿ, ಬಾಡಿಗೆ ಮನೆ ಕೇಳೋಕೆ ಹೋದಾಗ ಮೊದಲ ಪ್ರಶ್ನೆ ಒಂದೇ: ‘ಯಾವ ಕಂಪನಿ?’ ಆಮೇಲೆ ಆಫರ್ ಲೆಟರ್ ಕೇಳ್ತಾರೆ, ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೇಳ್ತಾರೆ. ನಮ್ಮನ್ನು ನೋಡಿ ಯಾರೂ ಮನೆ ಕೊಡಲ್ಲ, ಆ ಕಾಗದ ನೋಡಿ ಕೊಡ್ತಾರೆ. ಅಂದ್ರೆ ಗುರುತಿಲ್ಲದ ಊರಲ್ಲಿ ನಮಗೆ ಜಾಮೀನು ನಿಲ್ಲೋದು ನಮ್ಮ ಕಂಪನಿ.

ಸರಿ, ಇಂಥ ಕಾಗದವೇ ಇಲ್ಲದ ಕಾಲದಲ್ಲಿ ಏನು ಮಾಡ್ತಿದ್ರು? ನೂರಿಪ್ಪತ್ತು ವರ್ಷದ ಹಿಂದೆ ಕಾರವಾರ, ಕುಮಟಾ, ಉಡುಪಿ ಕಡೆಯಿಂದ ಮುಂಬೈಗೆ ಹೋದವರಿಗೆ ಯಾರು ಜಾಮೀನು ನಿಂತ್ರು? ಇವತ್ತು ಅದನ್ನೇ ನೋಡೋಣ.

ಅವರು ಮುಂಬೈಗೇ ಯಾಕೆ ಹೋದ್ರು ಅನ್ನೋದಕ್ಕೆ ಒಂದು ಆಡಳಿತದ ಕಾರಣ ಇದೆ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿಂದ ಮುಂದೆ ಕಾರವಾರದವರಿಗೆ ಹೈಕೋರ್ಟು, ಸೆಕ್ರೆಟೇರಿಯಟ್ಟು, ಯೂನಿವರ್ಸಿಟಿ ಎಲ್ಲವೂ ಮುಂಬೈ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿದ್ದೇ 1917ರಲ್ಲಿ. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು, ಆದರೆ ಅಲ್ಲಿನವರನ್ನೂ ಸಮುದ್ರ ಮುಂಬೈ ಕಡೆಗೇ ಎಳೆಯಿತು. ಕರಾವಳಿಗುಂಟ ಹಡಗು ಹೋಗ್ತಿತ್ತು, ಮಳೆಗಾಲದಲ್ಲಿ ಅದೂ ಬಂದ್. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ‘ವೀಕೆಂಡ್‌ಗೆ ಊರಿಗೆ ಹೋಗಿ ಬರ್ತೀನಿ’ ಅನ್ನೋ ಮಾತೇ ಇರಲಿಲ್ಲ.

ಅವರು ಹೋದ ಊರು ಹೇಗಿತ್ತು? 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತರು, ಲಕ್ಷಾಂತರ ಮಂದಿ ಊರು ಬಿಟ್ಟರು. 1898ರಲ್ಲಿ ಸರ್ಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿ ಹಳೇ ಕೇರಿಗಳನ್ನು ಒಡೆದು ಹೊಸ ಬಡಾವಣೆ ಹಾಕೋಕೆ ಶುರು ಮಾಡಿತು. ಬಾಡಿಗೆ ಏರಿತು. ಗುಮಾಸ್ತನ ಸಂಬಳದಲ್ಲಿ ಸಂಸಾರ ಕರೆಸಿಕೊಳ್ಳೋದು ಕಷ್ಟ. ಕಾಯಿಲೆಯೋ ಮದುವೆಯೋ ಬಂದ್ರೆ ಸಾಲಕ್ಕೆ ಬಡ್ಡಿ ವ್ಯಾಪಾರಿಯೇ ಗತಿ, ಯಾಕಂದ್ರೆ ಬ್ಯಾಂಕು ಕೇಳೋ ಅಡಮಾನ ಅವನ ಹತ್ತಿರ ಇಲ್ಲ. ಜಮೀನು, ಒಡವೆ ಇದ್ದರೂ ಅವು ಊರಲ್ಲಿ.

ಇಲ್ಲಿ ಶ್ರೀಪಾದ ಸುಬ್ರಾವ್ ತಲ್ಮಕಿ ಅನ್ನೋರ ಹೆಸರು ಬರುತ್ತೆ. ಇವರು ಚಿತ್ರಾಪುರ ಸಾರಸ್ವತರು. ಮನೆಮಾತು ಕೊಂಕಣಿ, ಮೂಲ ಕೆನರಾ. 1904ರಲ್ಲಿ ಸರ್ಕಾರ ಸಹಕಾರಿ ಸಾಲ ಸಂಘಗಳ ಕಾನೂನು ತಂದಿತ್ತು. ಅದರ ಮುಖ್ಯ ಉದ್ದೇಶ ಹಳ್ಳಿಯ ರೈತರು. ತಲ್ಮಕಿಯವರು ಅದನ್ನು ನಗರಕ್ಕೆ ಬಂದ ಸಂಬಳದಾರರಿಗೆ ಬಳಸಿದರು. 1906ರ ಡಿಸೆಂಬರ್‌ನಲ್ಲಿ, ತಮ್ಮ ಗುರು ಶಾಮರಾವ್ ವಿಠ್ಠಲ ಕೈಕಿಣಿಯವರ ನೆನಪಲ್ಲಿ ಒಂದು ಸಾಲ ಸಂಘ ಶುರು ಮಾಡಿದರು. ಇವತ್ತು ನೀವು ನೋಡೋ ಎಸ್‌ವಿಸಿ ಬ್ಯಾಂಕಿನ ಮೂಲ ಇದೇ.

ಇಂಥ ಸಂಘ ಕೆಲಸ ಮಾಡೋ ರೀತಿ ನೋಡಿ. ಅಡಮಾನದ ಜಾಗದಲ್ಲಿ ಮನುಷ್ಯ ನಿಲ್ತಾನೆ. ನಿಮ್ಮನ್ನು ಬಲ್ಲ ಸದಸ್ಯರು ಸಹಿ ಹಾಕಿದ್ರೆ ಸಾಲ ಸಿಗುತ್ತೆ. ಊರಲ್ಲಿ ‘ಇವನು ಇಂಥವರ ಮಗ’ ಅನ್ನೋ ಗುರುತಿಗೆ ಒಂದು ಬೆಲೆ ಇತ್ತಲ್ವಾ, ಅದು ಮುಂಬೈಯಲ್ಲಿ ಕಾನೂನುಬದ್ಧ ಕಾಗದವಾಯ್ತು.

ಮುಂದಿನ ಹೆಜ್ಜೆ ಮನೆ. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ಹುಟ್ಟಿತು. ಭಾರತದ ಮೊದಮೊದಲ ಹೌಸಿಂಗ್ ಸೊಸೈಟಿಗಳಲ್ಲಿ ಇದೂ ಒಂದು. ಕಟ್ಟಡ ಸಂಘದ್ದು, ಸಂಘ ಸದಸ್ಯರದ್ದು. ಯಾವ ಮಾಲೀಕನೂ ಬೆಳಗಾಗೆದ್ದು ‘ಖಾಲಿ ಮಾಡಿ’ ಅನ್ನೋ ಹಾಗಿಲ್ಲ. ಇವತ್ತು ಮುಂಬೈ, ಪುಣೆಯಲ್ಲಿ ‘ಸೊಸೈಟಿ’ ಅಂದ್ರೆ ಪಾರ್ಕಿಂಗ್ ಜಗಳ ಅಂತ ನಾವು ಅಂದ್ಕೊಂಡಿದೀವಿ. ಅದರ ಹಿಂದೆ ಇದ್ದದ್ದು ಬಾಡಿಗೆದಾರನ ಭಯ.

ಇದು ಓದಿದವರ ಕಥೆ. ಓದದೇ ಹೋದವರು ಇನ್ನೂ ಹೆಚ್ಚು: ಮೀನುಗಾರಿಕೆ ಬಿಟ್ಟು ಬಂದವರು, ಹೋಟೆಲಲ್ಲಿ ಲೋಟ ತೊಳೆಯೋಕೆ ಬಂದ ಹತ್ತು ಹನ್ನೆರಡು ವರ್ಷದ ಹುಡುಗರು. ಇವರಿಗೆ ಹೋಟೆಲೇ ಕೆಲಸ, ಹೋಟೆಲೇ ಮನೆ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜು ಸರಿಸಿ ಅಲ್ಲೇ ಮಲಗೋದು. ಧಣಿಯೇ ಜಾಮೀನು, ಧಣಿ ಸಿಟ್ಟಾದ್ರೆ ಊಟ, ಸೂರು ಎರಡೂ ಹೋಯ್ತು. ಇವರ ಪಾಲಿಗೆ ಬಂದದ್ದು ಕನ್ನಡ ರಾತ್ರಿ ಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಉಚಿತ ರಾತ್ರಿ ಶಾಲೆ ನಡೆಸಿತು, ಆಮೇಲೆ ಕೋಟೆ ಭಾಗದಲ್ಲಿ ಇನ್ನೂ ಕೆಲವು ಬಂದವು. ಹಗಲೆಲ್ಲ ಟೇಬಲ್ ಒರೆಸಿ, ಸಂಜೆ ಮೇಲೆ ಕನ್ನಡದಲ್ಲೇ ಮೆಟ್ರಿಕ್ ಓದಿ, ಗುಮಾಸ್ತರಾದವರು, ವಕೀಲರಾದವರು, ಸ್ವಂತ ಹೋಟೆಲ್ ಇಟ್ಟವರು ಇದ್ದಾರೆ. ಆ ಸರ್ಟಿಫಿಕೇಟು ಧಣಿಯ ಹಂಗಿಲ್ಲದೆ ಇನ್ನೊಂದು ಕಡೆ ಕೆಲಸ ಕೇಳೋಕೆ ಆದ ಕಾಗದ.

ಊಟದ ವಿಷಯಕ್ಕೆ ಬಂದರೆ ಮಾಟುಂಗಾ. ಟ್ರಸ್ಟ್ ಹಾಕಿದ ಈ ಬಡಾವಣೆಗೆ ದಕ್ಷಿಣದ ಗುಮಾಸ್ತರು ಬಂದು ತುಂಬಿಕೊಂಡರು. ಮೈಸೂರು ಅಸೋಸಿಯೇಷನ್ 1926ರಲ್ಲಿ ಶುರುವಾಯ್ತು. 1942ರಲ್ಲಿ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಬಂತು. ‘ಬೋರ್ಡಿಂಗ್’ ಅನ್ನೋ ಪದ ಗಮನಿಸಿ. ಒಂಟಿಯಾಗಿ ಬಂದವನಿಗೆ ದಿನಾ ಎಲೆ ಮೇಲೆ ಅನ್ನ ಸಾರು ಸಿಗುತ್ತೆ ಅನ್ನೋ ಭರವಸೆ ಅದು. ಪರಿಚಯ ಆಗ್ತಿದ್ದದ್ದೂ ಇಂಥ ಜಾಗದಲ್ಲೇ.

ಈಗ ಇದರ ಇನ್ನೊಂದು ಮುಖ ಹೇಳಲೇಬೇಕು. ಈ ಬಾಗಿಲುಗಳ ಮೇಲೆಲ್ಲ ಹೆಚ್ಚಾಗಿ ಜಾತಿಯ ಹೆಸರಿತ್ತು. ಸಾರಸ್ವತರಿಗೆ ಒಂದು, ಮೊಗವೀರರಿಗೆ ಒಂದು, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್. ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕ್ ಕಟ್ಟಿದ್ದು ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ಸಂಘವೇ ಇಲ್ಲದ ಜಾತಿಯವನು, ಕಲಬುರಗಿ ಕಡೆಯಿಂದ ಕಲ್ಲು ಮಣ್ಣು ಹೊರೋಕೆ ಬಂದವನು, ಯಾರ ಹತ್ತಿರ ಸಹಿ ಕೇಳಬೇಕಿತ್ತು?

ಒಬ್ಬ ಮಂಗಳೂರಿನ ಹುಡುಗನ ಕಥೆ ಇಲ್ಲಿ ಸೇರುತ್ತೆ. 1949ರ ಹೊತ್ತಿಗೆ ಮುಂಬೈಗೆ ಬಂದಾಗ ಅವನಿಗೆ ಮಲಗೋಕೆ ಜಾಗ ಇರಲಿಲ್ಲ. ಚೌಪಾಟಿಯ ಬೆಂಚಿನ ಮೇಲೆ ಮಲಗ್ತಿದ್ದ, ರಾತ್ರಿ ಪೊಲೀಸರು ಬಂದು ಎಬ್ಬಿಸಿ ಓಡಿಸ್ತಿದ್ರು. ಹೆಸರು ಜಾರ್ಜ್ ಫರ್ನಾಂಡಿಸ್. ಆಮೇಲೆ ಅವರು ಹೋಟೆಲ್ ಕಾರ್ಮಿಕರ, ಟ್ಯಾಕ್ಸಿ ಚಾಲಕರ ಯೂನಿಯನ್ ಕಟ್ಟಿದ್ದು, 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ನಿಮಗೆ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರೋದು, 1968ರಲ್ಲಿ ಅವರು ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ಅಂತ ಒಂದು ಬ್ಯಾಂಕನ್ನೂ ಶುರು ಮಾಡಿದ್ರು ಅನ್ನೋದು. ತಲ್ಮಕಿಯವರ ಹಾದಿಯೇ, ಆದರೆ ಇಲ್ಲಿ ಒಳಗೆ ಬರೋಕೆ ದುಡಿಯೋನಾಗಿದ್ರೆ ಸಾಕು. ಜಾತಿಯ ಗುರುತಿನ ಜಾಗಕ್ಕೆ ಕೆಲಸದ ಗುರುತು ಬಂತು.

ಈಗ ನಮ್ಮ ವಿಷಯ. ನಾವು ಹಡಗಲ್ಲಿ ಬಂದಿಲ್ಲ. ಮೊದಲ ಹದಿನೈದು ದಿನ ಗೆಸ್ಟ್ ಹೌಸ್ ಸಿಗುತ್ತೆ, ಊಟ ಆ್ಯಪಲ್ಲಿ ಬರುತ್ತೆ, ಸಾಲ ಫೋನಲ್ಲೇ ಆಗುತ್ತೆ. ಆದರೆ ಮನೆ, ಸಾಲ, ಆಸ್ಪತ್ರೆಯ ಇನ್ಶೂರೆನ್ಸ್, ಎಲ್ಲದರ ಕೆಳಗಿರೋ ಸಹಿ ಒಂದೇ ಕಂಪನಿಯದ್ದು. ನಮ್ಮ ಭಾಷೆಯಲ್ಲಿ ಇದಕ್ಕೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತೀವಿ. ಸರ್ವರ್ ಹೀಗಿದ್ರೆ ಡಿಸೈನ್ ರಿವ್ಯೂನಲ್ಲೇ ವಾಪಸ್ ಕಳಿಸ್ತೀವಿ, ಬದುಕನ್ನು ಮಾತ್ರ ಹಾಗೇ ನಡೆಸ್ತಿದೀವಿ. ಒಂದು ಶುಕ್ರವಾರ ಎಚ್‌ಆರ್‌ನಿಂದ ಕ್ಯಾಲೆಂಡರ್ ಇನ್ವೈಟ್ ಬಂದರೆ ಆ ಸಹಿ ಅಳಿಸಿ ಹೋಗುತ್ತೆ. ಆಗ ಹೋಟೆಲ್ ಹುಡುಗನಿಗೂ ನಮಗೂ ಎಷ್ಟು ಫರಕು?

ಪ್ರತಿ ಊರಲ್ಲೂ ಕನ್ನಡ ಸಂಘ ಇದೆ. ನಮ್ಮ ವಯಸ್ಸಿನವರಿಗೆ ಅದು ನೆನಪಾಗೋದು ರಾಜ್ಯೋತ್ಸವದ ದಿನ, ಬಿಸಿಬೇಳೆಬಾತಿನ ಜೊತೆ. ಮುಂಬೈಯ ಹಿರಿಯರಿಗೆ ಸಂಘ ಅಂದರೆ ಸಾಲ, ಸೂರು, ಶಾಲೆ. ನಾವು ಬ್ಯಾಂಕೇ ಕಟ್ಟಬೇಕು ಅಂತ ಹೇಳ್ತಿಲ್ಲ. ಕೆಲಸ ಹೋದವರ ಮೂರು ತಿಂಗಳ ಬಾಡಿಗೆಗೆ ಒಂದು ನಿಧಿ, ಹೊಸದಾಗಿ ಬಂದವರಿಗೆ ಡೆಪಾಸಿಟ್ ಸಾಲ, ಮನೆ ಮಾಲೀಕರ ಮುಂದೆ ‘ಇವರು ನಮಗೆ ಗೊತ್ತು’ ಅನ್ನೋಕೆ ಇಬ್ಬರು. ಇಷ್ಟು ಆಗಬಹುದು. ಜಾತಿ ಕೇಳದೆ, ಯಾವ ಕಂಪನಿ ಅಂತಲೂ ಕೇಳದೆ. ನಿಮ್ಮ ಫ್ಲ್ಯಾಟಿನ ಸೆಕ್ಯುರಿಟಿ ಗಾರ್ಡ್ ರಾಯಚೂರಿನವನಾಗಿದ್ರೆ ಅವನಿಗೂ.

ನಿಮ್ಮ ಊರಿನ ಸಂಘದ ಮುಂದಿನ ಸಭೆ ಯಾವಾಗ ಅಂತ ವಿಚಾರಿಸಿ. ಕಾರ್ಯಕ್ರಮದ ಪಟ್ಟಿ ಓದಿ ಮುಗಿದ ಮೇಲೆ ಈ ಮಾತು ಎತ್ತಿ.